ಗುಲಾಬಿಗೆ ಅಳಿಯಂದಿರ ಉಪಚಾರ

ಕಣ್ಣಿನ ಆಪರೇಷನ್‌ಗೆಂದು ತಮ್ಮ ತಂಗಿಯ ಊರಿಗೆ ಹೊರಟ ಮಾವ, ಅಳಿಯಂದಿರಿಬ್ಬರನ್ನೂ ಅಂಗಳಕ್ಕೆ ಕರೆದು ನಲ್ಲಿ ಪಕ್ಕದ ಕೆಂಪು ಗುಲಾಬಿ ತೋರಿಸಿದರು. ತಾವೇ ಕಸಿ ಕಟ್ಟಿ ಬೆಳೆಸಿದ ಗಿಡ. "ಎರಡು ವರ್ಷದಿಂದ ಇದರ ವಾಸನೆ ಗೊತ್ತಾಗುತ್ತೆ, ಬಣ್ಣ ಕಾಣಲ್ಲ. ಬಂದಮೇಲೆ ಕಣ್ತುಂಬ ಇದರ ಕೆಂಪು ನೋಡ್ಬೇಕು ಕಣ್ರಪ್ಪ. ನಡುಬೇಸಿಗೆ ಬೇರೆ, ಜೋಪಾನ." ಯಾರಿಗೆ ಹೇಳಿದರು? ಇಬ್ಬರಿಗೂ. ಎಡವಟ್ಟಾದದ್ದು ಅಲ್ಲೇ ನೋಡಿ.

ಯಾಕೆಂದರೆ ಕೆಳಗಿನ ಮನೆಯ ದೊಡ್ಡಳಿಯನಿಗೂ ಮಹಡಿಯ ಚಿಕ್ಕಳಿಯನಿಗೂ ಆಗ ಎಣ್ಣೆ ಸೀಗೇಕಾಯಿ. ಕಾರಣ ಕೇಳಿದರೆ ನಗ್ತೀರಿ. ಒಂದು ಫ್ಯಾನು! ದೊಡ್ಡಳಿಯ ಎಲೆಕ್ಟ್ರಿಷಿಯನ್. ಅರ್ಧ ಊರಿನ ವೈರಿಂಗ್ ಅವನ ಕೈಯದು. ಅಂಥವನು ಮನೆಯಲ್ಲೇ ಗುಂಡುಕಲ್ಲಿನ ಹಾಗೆ ಕೂತಿರುವಾಗ, ಚಿಕ್ಕಳಿಯ ಹೊರಗಿನವನನ್ನು ಕರೆಸಿ ಫ್ಯಾನ್ ಹಾಕಿಸಿಕೊಂಡಿದ್ದ. ದಿನಾ ಸಂಜೆ ಒಟ್ಟಿಗೆ ಚಹಾ ಕುಡಿಯುತ್ತಿದ್ದವರು ಅವತ್ತಿನಿಂದ ಮಾತು ಬಿಟ್ಟರು. ಮಹಡಿಯಲ್ಲಿ ಆ ಫ್ಯಾನ್ ಗರಗರ ಅಂದಾಗೆಲ್ಲ ಕೆಳಗೆ ದೊಡ್ಡಳಿಯನ ಹೊಟ್ಟೆ ಉರಿಯುತ್ತಿತ್ತು. ಉರಿಯ ಕೆಳಗೆ ಇನ್ನೊಂದು ಸಂಕಟವೂ ಇತ್ತು: ಸಂಜೆ ಒಬ್ಬನೇ ಕೂತು ಕುಡಿಯುವ ಚಹಾ ರುಚಿಸುತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಜನವೇ ಅವನು?

ಹೆಂಡತಿಯರಿಬ್ಬರೂ ಮಕ್ಕಳನ್ನು ಕಟ್ಟಿಕೊಂಡು ಅಪ್ಪನ ಜೊತೆ ಹೋದರು. ಇಡೀ ಮನೆಗೆ ಇವರಿಬ್ಬರೇ. ಮೇಲೊಂದು ಒಲೆ, ಕೆಳಗೊಂದು ಒಲೆ, ಎರಡರ ಮೇಲೂ ಸೀದ ಅನ್ನ.

ದೊಡ್ಡಳಿಯ ಸಂಜೆ ಕೆಲಸದಿಂದ ಬಂದವನೇ ಅಂಗಳಕ್ಕಿಳಿಯುತ್ತಿದ್ದ. ಉಳಿದ ಗಿಡಗಳಿಗೆ ಒಂದೊಂದು ಚೊಂಬು ನೀರಾದರೆ, ಮಾವನ ಗುಲಾಬಿಗೆ ಒಂದು ಕೊಡ. ಮಹಡಿಯವನಿಗೆ ಹೊರಗಿನ ಎಲೆಕ್ಟ್ರಿಷಿಯನ್ನೇ ಬೇಕು, ಮಾವನ ಗಿಡ ಯಾಕೆ ಬೇಕು ಅಂತ ಮನಸ್ಸಿನಲ್ಲೇ ಗೊಣಗುತ್ತ ಸುರಿಯುತ್ತಿದ್ದ. ನಲ್ಲಿ ಪಕ್ಕದ ನೆಲ ಯಾವಾಗಲೂ ಒದ್ದೆ, ಹಾಗಾಗಿ ಅನುಮಾನವೂ ಬರಲಿಲ್ಲ. ವಾರ ಕಳೆಯುವುದರೊಳಗೆ ಎಲೆ ಹಳದಿಯಾಯಿತು. ಬಿಸಿಲಿನ ಹೊಡೆತ ಅಂದುಕೊಂಡು ಎರಡು ಕೊಡ ಹಾಕಿದ. ಮೊಗ್ಗು ತಲೆ ಬಗ್ಗಿಸಿ ಉದುರಿದವು. ಮೂರು ಕೊಡ ಹಾಕಿದ. ಅತ್ತ ಮಾವ ಫೋನಿನಲ್ಲಿ "ಪಟ್ಟಿ ಬಿಚ್ಚಿದರು, ಚೆನ್ನಾಗಿ ಕಾಣುತ್ತೆ. ಗಿಡ ಹೇಗಿದೆ?" ಅಂದರೆ, "ಏನೂ ಯೋಚನೆ ಮಾಡ್ಬೇಡಿ" ಅಂದವನೇ ಫೋನ್ ಇಟ್ಟುಬಿಟ್ಟ.

ಒಂದು ಮಧ್ಯಾಹ್ನ ಡ್ರಿಲ್ಲಿಂಗ್ ಮಿಷನ್ ಮರೆತು ಹೋಗಿದ್ದವನು ಅದನ್ನು ಒಯ್ಯಲು ಮನೆಗೆ ಬಂದ. ಗೇಟು ತೆಗೆದರೆ ಏನು ನೋಡುವುದು? ಚಿಕ್ಕಳಿಯ ಗುಲಾಬಿ ಬುಡಕ್ಕೆ ಪೈಪು ಹಿಡಿದು ನಿಂತಿದ್ದಾನೆ. ಅವನು ಬೇಕರಿಯಲ್ಲಿ ಬ್ರೆಡ್ ಮಾಡುವವನು. ಬೆಳಗಿನ ಜಾವ ಹೋದರೆ ಮಧ್ಯಾಹ್ನ ಬರುತ್ತಾನೆ. ಮೊಣಕೈವರೆಗೂ ಮೈದಾಹಿಟ್ಟು, ಇನ್ನೂ ಕೈಕೂಡ ತೊಳೆದಿಲ್ಲ.

"ದಿನಾ ಹಾಕ್ತೀಯಾ?" ಅಂದ ದೊಡ್ಡಳಿಯ. ಮಾತು ಬಿಟ್ಟದ್ದು ಮರೆತೇಹೋಗಿತ್ತು.

"ಹೌದು ಭಾವ. ಎಷ್ಟು ಹಾಕಿದ್ರೂ ಸಾಲ್ತಿಲ್ಲ, ನೋಡಿ ಹೇಗೆ ಒಣಗ್ತಿದೆ."

"ಒಣಗ್ತಿಲ್ಲ ಮಾರಾಯ, ಮುಳುಗ್ತಿದೆ. ನಾನೂ ದಿನಾ ಸಂಜೆ ಕೊಡಗಟ್ಟಲೆ ಸುರೀತಿದ್ದೀನಿ."

ಚಿಕ್ಕಳಿಯ ಮೆಲ್ಲಗೆ ನಲ್ಲಿ ನಿಲ್ಲಿಸಿದ. ದೊಡ್ಡಳಿಯ ಕೂತು ಬುಡಕ್ಕೆ ಕೈ ಹಾಕಿದರೆ ಮಣಿಕಟ್ಟಿನವರೆಗೂ ಕೆಸರು, ಕೊಳೆತ ನಾತ.

"ಹಿಟ್ಟಾಗಿದ್ರೆ ಇನ್ನೊಂದು ಹಿಡಿ ಹಿಟ್ಟು ಹಾಕಿ ಸರಿ ಮಾಡ್ತಿದ್ದೆ ಭಾವ," ಅಂದ ಚಿಕ್ಕಳಿಯ.

"ಇದಕ್ಕೂ ಅದನ್ನೇ ಮಾಡೋಣ. ಮರಳು ತಗೊಂಡು ಬಾ."

ಆ ಮಧ್ಯಾಹ್ನ ಯಾರದೋ ಮನೆಯ ವೈರಿಂಗ್ ಅರ್ಧಕ್ಕೇ ನಿಂತಿತು. ಬುಡದ ಸುತ್ತಲಿನ ಇಟ್ಟಿಗೆ ಕಿತ್ತರು, ಕೆಸರು ಬಗೆದು ತೆಗೆದರು. ಕರ್ರಗೆ ಕೊಳೆತ ಬೇರು ಕತ್ತರಿಸಿ, ಮರಳು ಬೆರೆಸಿದ ಒಣಮಣ್ಣು ತುಂಬಿದರು. ಒಣಗಿದ ರೆಂಬೆಗಳನ್ನೂ ಸವರಿದ ಮೇಲೆ ಉಳಿದದ್ದು ನಾಲ್ಕು ಬೋಳು ಕಡ್ಡಿ. ಅದಕ್ಕೆ ಹಳೇ ಬೆಡ್‌ಶೀಟಿನ ನೆರಳು ಕಟ್ಟುವಾಗ ಚಿಕ್ಕಳಿಯ ಸ್ಟೂಲನ್ನು ತನ್ನ ಕಡೆ ಎಳೆದುಕೊಂಡ. "ನೀವು ಹತ್ತಬೇಡಿ. ಸೊಂಟ ಹಿಡಿದುಕೊಂಡೀತು. ಅವತ್ತು ಫ್ಯಾನಿಗೂ ಅದಕ್ಕೇ ನಿಮ್ಮನ್ನ ಕರೀಲಿಲ್ಲ. ನೋವು ಅಂತ ಅಕ್ಕ ಹೇಳಿದ್ದರು, ಏಣಿ ಹತ್ತಿಸೋಕೆ ಮನಸ್ಸು ಬರಲಿಲ್ಲ."

ದೊಡ್ಡಳಿಯ ಗಂಟು ಹಾಕುತ್ತಿದ್ದ ದಾರವನ್ನು ಹಾಗೇ ಹಿಡಿದು ನಿಂತ. "ಅದನ್ನ ಅವತ್ತೇ ಹೇಳೋಕೇನಾಗಿತ್ತು ನಿಂಗೆ?"

"ಹೇಳೋಕೆ ಬಂದೆ. ನೀವು ಬಾಗಿಲು ಹಾಕ್ಕೊಂಡ್ರಿ."

ಹಾಕಿಕೊಂಡದ್ದು ನಿಜ. ದೊಡ್ಡಳಿಯನಿಗೆ ನಾಚಿಕೆಯಾಯಿತು, ಜೊತೆಗೆ ಎದೆಯ ಮೇಲಿನ ಭಾರ ಇಳಿದ ಹಾಗೂ ಆಯಿತು. "ಬಾ, ಚಹಾ ಕುಡಿಯೋಣ," ಅಂದ.

ಆಮೇಲಿನ ಕೆಲಸವೇ ಕಷ್ಟದ್ದು: ಸುಮ್ಮನಿರುವುದು. ಸಂಜೆ ಇಬ್ಬರೂ ಲೋಟ ಹಿಡಿದು ಗಿಡದ ಮುಂದೆ ಕೂರುತ್ತಿದ್ದರು. "ಒಂದೇ ಒಂದು ಚೊಂಬು ಹಾಕ್ಲಾ?" ಅಂತ ಒಬ್ಬ ಎದ್ದರೆ ಇನ್ನೊಬ್ಬ ಅಂಗಿ ಹಿಡಿದು ಕೂರಿಸುತ್ತಿದ್ದ. ಬೋಳು ಕಡ್ಡಿ ಬೋಳಾಗೇ ಇತ್ತು. ಇನ್ನು ಆಸೆ ಇಲ್ಲ ಅನ್ನಿಸಿದ ಹೊತ್ತಿಗೆ ಮಾವ ಬಂದೇಬಿಟ್ಟರು.

ಕಪ್ಪು ಕನ್ನಡಕ ಹಾಕಿಕೊಂಡು, ಮಗಳ ಕೈಕೂಡ ಹಿಡಿಯದೆ, ನೆಟ್ಟಗೆ ನಲ್ಲಿಯ ಹತ್ತಿರ ನಡೆದರು. ಅಳಿಯಂದಿರು ಅಡ್ಡ ನಿಂತರು.

"ಮಾವ, ಗಿಡ ಹೋಯ್ತು. ನಾನು ನೀರು ಜಾಸ್ತಿ ಹಾಕಿಬಿಟ್ಟೆ," ಅಂದ ದೊಡ್ಡಳಿಯ.

"ಅವರೊಬ್ಬರೇ ಅಲ್ಲ, ನಾನೂ ಹಾಕಿದೆ," ಅಂದ ಚಿಕ್ಕಳಿಯ.

ಮಾವ ಇಬ್ಬರನ್ನೂ ಪಕ್ಕಕ್ಕೆ ಸರಿಸಿದರು. ಬೆಡ್‌ಶೀಟಿನ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತು ಕನ್ನಡಕ ತೆಗೆದರು. ದೊಡ್ಡಳಿಯನಿಗೆ ಅವರ ಮುಖ ನೋಡಲಾಗಲಿಲ್ಲ. ನೆಲ ನೋಡುತ್ತ ನಿಂತ.

"ಹೋಯ್ತು ಅಂದವರು ಯಾರು? ನಿಮ್ಮಿಬ್ಬರನ್ನೂ ಆ ಕಣ್ಣಿನ ಡಾಕ್ಟರ ಹತ್ತಿರ ಕಳಿಸ್ಬೇಕು," ಅಂದರು ಮಾವ. "ಇಲ್ಲಿ ಬಗ್ಗಿ."

ಇಬ್ಬರೂ ಬಗ್ಗಿದರು. ಕಸಿಯ ಗಂಟಿನ ಸ್ವಲ್ಪ ಮೇಲೆ, ಮುಳ್ಳಿನ ಮರೆಯಲ್ಲಿ, ಅಕ್ಕಿಕಾಳಿನಷ್ಟು ಚಿಗುರು. ದಿನಾ ಸಂಜೆ ಎದುರಿಗೇ ಕೂತಿದ್ದವರಿಗೆ ಅದು ಕಂಡಿರಲಿಲ್ಲ. ಗುಲಾಬಿಯ ಎಳೆ ಚಿಗುರು ಹಸಿರಿರುವುದಿಲ್ಲ. ಅದು ಅಚ್ಚ ಕೆಂಪಗಿತ್ತು.

ಮಾವ ಅದನ್ನು ಮುಟ್ಟಲಿಲ್ಲ, ಸುಮ್ಮನೆ ನೋಡುತ್ತಲೇ ಇದ್ದರು.

"ಕೆಂಪು ಅಂದ್ರೆ ಇಷ್ಟು ಕೆಂಪು ಅನ್ನೋದೇ ನಂಗೆ ಮರೆತುಹೋಗಿತ್ತು ಕಣ್ರೋ," ಅಂದರು.