ಮುಕಾದಮನ ಹೆಸರು

ಔರಾದ ಬಸ್ ನಿಲ್ದಾಣದ ಎದುರಿಗೆ ಗೌಸೋದ್ದೀನ ಚಾಚಾನ ಆನ್‌ಲೈನ್ ಅಂಗಡಿ. ಅಲ್ಲಿ ಕೌಸಲ್ಯಾ ನಾಲ್ಕು ವರ್ಷದಿಂದ ಕಂಡವರ ಅರ್ಜಿ ತುಂಬುತ್ತಿದ್ದಳು. ಬೆಳಗಿನ ಬಸ್ಸಿಗೆ ಸಂತಪುರದಿಂದ ಬರುವುದು, ಸಂಜೆ ಬಸ್ಸಿಗೆ ಮರಳುವುದು, ನಡುವೆ ಪುರುಸೊತ್ತಾದಾಗ ಮೊಬೈಲಿನಲ್ಲಿ ಯುಎಕ್ಸ್ ಡಿಸೈನಿನ ಪಾಠ ನೋಡುವುದು. ಪರದೆಯ ಮೇಲೆ ಏನು ಎಲ್ಲಿರಬೇಕು, ಹೇಗೆ ಕೇಳಿದರೆ ಜನಕ್ಕೆ ತಿಳಿಯುತ್ತದೆ ಎಂದು ಯೋಚಿಸುವುದಕ್ಕೂ ಸಂಬಳ ಕೊಡುತ್ತಾರೆಂದು ಗೊತ್ತಾದ ದಿನದಿಂದ ಅವಳಿಗೆ ಬೇರೆ ಕೆಲಸವೇ ಬೇಡವಾಗಿತ್ತು.

ಆದರೆ ಎಲ್ಲ ಕಡೆಯಿಂದಲೂ ಒಂದೇ ಉತ್ತರ: ಅನುಭವ ಇಲ್ಲ. ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು ಅಂತ ಮಹಾನುಭಾವರನ್ನು ಕೇಳುವವರಾರು? ಆ ಸೀಮೆಯಲ್ಲಿ ಬರಗಾಲಕ್ಕೂ ಮೂರು ವರ್ಷದ ಅನುಭವವಿತ್ತು, ಅವಳಿಗಿರಲಿಲ್ಲ.

ಕಡೆಗೆ ಹೈದರಾಬಾದಿನ ಒಂದು ಕಂಪನಿ ಪರೀಕ್ಷೆ ಕೊಟ್ಟಿತು. ಗುಳೆ ಹೋಗುವವರು ಮಕ್ಕಳನ್ನು ಬಿಟ್ಟುಹೋಗುವ ಹಾಸ್ಟೆಲಿಗೆ ಅರ್ಜಿ ಹಾಕುವ ಆ್ಯಪ್ ಅವರದು. ಜನ ಅರ್ಧಕ್ಕೇ ಬಿಟ್ಟು ಆನ್‌ಲೈನ್ ಅಂಗಡಿಗೆ ಓಡುತ್ತಾರೆ, ಯಾಕೆಂದು ಪತ್ತೆ ಹಚ್ಚಿ ಸರಿಮಾಡಿ ತೋರಿಸು ಎಂದರು.

ಕೌಸಲ್ಯಾ ಅಂಗಡಿಗೆ ಅರ್ಜಿ ತುಂಬಿಸಲು ಬಂದಿದ್ದ ಪುತಳಾಬಾಯಿಯ ಕೈಗೆ ಮೊಬೈಲ್ ಕೊಟ್ಟು ಕೂರಿಸಿದಳು. ಮೇವಿಲ್ಲದೆ ಕುರಿ ಮಾರಿ, ಗಂಡನ ಜೊತೆ ಕಬ್ಬು ಕಡಿಯಲು ಹೊರಡಲಿದ್ದ ಹೆಂಗಸು, ಏಳನೆಯವರೆಗೆ ಓದಿದ್ದಳು. ಸರಸರ ತುಂಬುತ್ತ ಬಂದವಳು ‘ತಾತ್ಕಾಲಿಕ ವಾಸದ ವಿಳಾಸ’ ಎಂಬಲ್ಲಿ ನಿಂತೇಬಿಟ್ಟಳು.

“ಪತ್ತಾ ಏನಂತ ಬರೀಲಿ ತಂಗಿ? ಇವತ್ತೊಂದು ಹೊಲ, ನಾಳಿ ಇನ್ನೊಂದು. ವೈಜಿನಾಥ ಮುಕಾದಮನ ಸಂಗಡ ಹೊಂಟೇವಿ. ಅವನ್ಗ ಕೇಳಿದ್ರ ನಾವು ಎಲ್ಲಿ ಅದೇವಿ ಅಂತ ಹೇಳ್ತಾನ.”

ಗುಂಪು ಕಟ್ಟಿ ಕರೆದೊಯ್ಯುವ ಮುಕಾದಮನೇ ಗುಳೆಯವರ ವಿಳಾಸ. ಕೌಸಲ್ಯಾ ಆ ಸಾಲು ಹೊಡೆದುಹಾಕಿ ‘ಯಾವ ಮುಕಾದಮನ ಸಂಗಡ ಹೊಂಟೀರಿ? ಅವರ ಫೋನ್ ನಂಬರ್ ಏನು?’ ಎಂದು ಬರೆದು ಕಂಪನಿಗೆ ಕಳಿಸಿದಳು.

ಸಂದರ್ಶನಕ್ಕೆ ಊರಲ್ಲಿ ನೆಟ್‌ವರ್ಕ್ ಸಾಲದೆ ಬೀದರಿಗೆ ಹೋಗಿ ನೌಬಾದದ ಚಿಕ್ಕಮ್ಮನ ಮನೆಯಲ್ಲಿ ಮೊಬೈಲಿನ ಮುಂದೆ ಕೂತಳು. ಕಂಪನಿಯವರು ಒಂದು ತಾಸು ಕೇಳಿದ್ದೇ ಕೇಳಿದ್ದು, ಬರೆದುಕೊಂಡಿದ್ದೇ ಬರೆದುಕೊಂಡಿದ್ದು. ಅವಳು ಗೊತ್ತಿದ್ದುದನ್ನೆಲ್ಲ ಖುಷಿಯಿಂದ ಹೇಳಿದಳು, ಪಾಪ. ನಾಲ್ಕು ವರ್ಷ ಅರ್ಜಿ ತುಂಬಿದ್ದು ಆಪರೇಟರ್ ಕೆಲಸವಷ್ಟೇ ಎಂದು ಕೊನೆಗೆ ನಕ್ಕರು. ಮೂರನೆಯ ದಿನ ಪತ್ರ ಬಂತು: ಎರಡು ವರ್ಷದ ಅನುಭವ ಬೇಕು.

ಮರುವರ್ಷ ದಸರೆಯ ಹೊತ್ತಿಗೆ ಭಾಲ್ಕಿ, ಔರಾದ ಕಡೆಯ ಊರುಗಳು ಮತ್ತೆ ಖಾಲಿಯಾಗತೊಡಗಿದವು. ಪುತಳಾಬಾಯಿ ಅಂಗಡಿಗೆ ಬಂದಳು, ಅರ್ಜಿ ತುಂಬಿಸಲಿಕ್ಕಲ್ಲ, ತೋರಿಸಲಿಕ್ಕೆ. ಅವಳ ಮೊಬೈಲಿನಲ್ಲಿ ಹೈದರಾಬಾದಿನವರ ಆ್ಯಪ್, ಅದರಲ್ಲಿ ಅಕ್ಷರಕ್ಕೆ ಅಕ್ಷರ ಅದೇ ಸಾಲು: ‘ಯಾವ ಮುಕಾದಮನ ಸಂಗಡ ಹೊಂಟೀರಿ?’

“ಈ ಸರ್ತಿ ನಾನೇ ತುಂಬೀನಿ ತಂಗಿ. ಯಾರೋ ನಮ್ಮವ್ರೇ ಮಾಡ್ಯಾರ.”

ಕೌಸಲ್ಯಾ ಬರೆದ ಸಾಲನ್ನೇ ಕಂಪನಿ ಎತ್ತಿಕೊಂಡಿತ್ತು. ಮಗಳಿಗೆ ಸೀಟು ಸಿಕ್ಕಿತೆಂದು ಹಿಗ್ಗುತ್ತಿದ್ದ ಪುತಳಾಬಾಯಿಯ ಮುಂದೆ ಅದನ್ನು ಹೇಳುವುದಾದರೂ ಹೇಗೆ? ಛಲೋ ಆಯ್ತು ಅಂದಳು.

ಗುಳೆಯ ಹಂಗಾಮಿನಲ್ಲಿ ಅಂಗಡಿಗೆ ಬರುತ್ತಿದ್ದವರಲ್ಲಿ ಮುಕ್ಕಾಲು ಪಾಲು ಈ ಅರ್ಜಿಯವರೇ. ಈಗ ಬೆಂಚು ಖಾಲಿ. ದೀಪಾವಳಿ ಮುಗಿದ ಮೇಲೆ ಚಾಚಾ, ಇನ್ನು ದಿನಬಿಟ್ಟು ದಿನ ಬಂದರೆ ಸಾಕು ಎಂದು ತಲೆ ತಗ್ಗಿಸಿ ಹೇಳಿದ.

“ಆ ಆ್ಯಪ್ ಯಾರು ಮಾಡಿದ್ರೋ ಬೇಟಿ, ನಮ್ಮ ಹೊಟ್ಟಿ ಮ್ಯಾಲೇ ಹೊಡದ್ರು.”

“ನಾನೇ ಮಾಡೀನ್ರಿ ಚಾಚಾ.”

ಅವನು ತಲೆ ಎತ್ತಿದ. ಎಷ್ಟೋ ದಿನದ ಮೇಲೆ ಮನಸಾರೆ ನಕ್ಕ.

“ನಿನಗ ಆ ಕೆಲ್ಸದ ಅನುಭವ ಎಲ್ಲಿ ಅದ?”

ಕೌಸಲ್ಯಾ ಕಂಪ್ಯೂಟರ್ ಬಂದ್ ಮಾಡಿ, ಸಂತಪುರದ ಬಸ್ಸಿಗೆ ಇನ್ನೂ ಎರಡು ತಾಸು ಇದ್ದುದರಿಂದ, ಅಲ್ಲೇ ಕೂತಳು.