ಮೂರನೆಯ ಅಕ್ಷರ

ಸಹಿ ಎಲ್ಲಿ ಹಾಕಬೇಕೆಂದು ತೋರಿಸಲು ವಕೀಲರು ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಸಣ್ಣದೊಂದು ಇಂಟು ಗುರುತು ಹಾಕಿಟ್ಟಿದ್ದರು. ಅವಳು ಆ ಗುರುತನ್ನು ನೋಡಿದಳು. ಕೈಗೆ ಕೊಟ್ಟಿದ್ದ ಪೆನ್ನನ್ನು ಮುಚ್ಚಿ ಮೇಜಿನ ಮೇಲಿಟ್ಟು, ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಓದಿ ಹಾಕ್ತೀನಿ ಸಾರ್," ಎಂದಳು.

"ಓದೋಕೇನಿದೆಯಮ್ಮ ಅದರಲ್ಲಿ," ಎಂದರು ಕಾರ್ಖಾನೆಯ ಮಾಲೀಕರು. "ನಿನ್ನ ಮೈದುನ ಆಗಲೇ ಓದಿದಾನೆ."

"ಅವನು ಓದಿದ್ರೆ ಅವನಿಗೆ ಗೊತ್ತಾಯ್ತು. ನಂಗೆ ಹೇಗೆ ಗೊತ್ತಾಗುತ್ತೆ?"

ಮೈದುನ ಬಾಗಿಲ ಪಕ್ಕ ನಿಂತಿದ್ದ. ಗಂಡನ ತಮ್ಮ, ಈ ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಮೇಸ್ತ್ರಿ. ಗಂಡ ತೀರಿಕೊಂಡ ಮೇಲೆ ಅವಳನ್ನು ಇಲ್ಲಿ ಕೆಲಸಕ್ಕೆ ಸೇರಿಸಿದವನು ಅವನೇ, ಅವಳಿರುವುದೂ ಅವನ ಮನೆಯಲ್ಲೇ. ಹತ್ತು ವರ್ಷದಲ್ಲಿ ಈ ಎರಡು ವಿಷಯಗಳನ್ನು ಅವನು ಅವಳಿಗೆ ನೆನಪಿಸದ ತಿಂಗಳಿಲ್ಲ. ಈಗ ಮಾತ್ರ ಅವನ ಕಣ್ಣು, ಹಾಕಿಬಿಡಿ ಅತ್ತಿಗೆ, ಎಂದು ಬೇಡುತ್ತಿತ್ತು. ಅವಳು ಕಂಡೂ ಕಾಣದವಳಂತೆ ಓದತೊಡಗಿದಳು.

ಇದ್ದದ್ದು ನಾಲ್ಕೇ ಸಾಲು. ಕೈಯಿಂದ ಉರುಳಿಸಿ ಮುದ್ರಿಸುವ, ಅಕ್ಷರಗಳನ್ನು ಬೇಕಾದಂತೆ ಬದಲಾಯಿಸಬಹುದಾದ ಈ ಯಂತ್ರವನ್ನು ಮಾಲೀಕರು ಸ್ವಂತ ಆಲೋಚನೆಯಿಂದ ರೂಪಿಸಿ, ಸ್ವಹಸ್ತದಿಂದ ತಯಾರಿಸಿದ್ದನ್ನು ಇಲ್ಲಿನ ಕೆಲಸಗಾರಳಾದ ನಾನು ಕಣ್ಣಾರೆ ಕಂಡಿರುತ್ತೇನೆ.

ಮೊದಲ ಸಲ ಓದಿದಾಗ ನಡುವೆ ಒಂದು ಸಾಲು ಬಿಟ್ಟುಹೋಯಿತೇನೋ ಎಂದುಕೊಂಡಳು. ಎರಡನೆಯ ಸಲ ಬೆರಳಿಟ್ಟು ಓದಿದಳು. ಏನೂ ಬಿಟ್ಟಿರಲಿಲ್ಲ. ಕದಿಯುವವನು ಕದಿಯಲಿ, ಅದು ಲೋಕದಲ್ಲಿ ಇದ್ದದ್ದೇ. ಆದರೆ ಮನೆಯವರನ್ನೇ ಕರೆದು, ಸ್ವಲ್ಪ ಬಾಗಿಲು ಹಿಡ್ಕೊಳ್ಳಿ, ಸಾಮಾನು ದಾಟಿಸಬೇಕು, ಎನ್ನುವ ಕಳ್ಳತನವನ್ನು ಅವಳು ನೋಡುತ್ತಿದ್ದದ್ದು ಇದೇ ಮೊದಲು.

ಯಂತ್ರ ಮೇಜಿನ ಮೇಲೆಯೇ ಇತ್ತು. ಯಾರೋ ಅದನ್ನು ಸೀಮೆಎಣ್ಣೆ ಹಚ್ಚಿ ಒರೆಸಿ, ಬಿಳಿ ಟವೆಲಿನ ಮೇಲೆ ಇಟ್ಟಿದ್ದರು. ಪಕ್ಕದಲ್ಲಿ ಅದರದೇ ದೊಡ್ಡ ನಕ್ಷೆ. ಅರ್ಧ ಮೇಜನ್ನು ಅದೇ ಆಕ್ರಮಿಸಿತ್ತು. ಯಾರೋ ಓದಿದವರು ಗೆರೆ ಎಳೆದು, ಬಾಣ ಹಾಕಿ, ಒಂದೊಂದು ಭಾಗಕ್ಕೂ ನಂಬರು ಕೊಟ್ಟಿದ್ದರು. ಅವಳು ನಕ್ಷೆಯನ್ನು ಒಂದು ಗಳಿಗೆ ದಿಟ್ಟಿಸಿದಳು. ಅಷ್ಟು ಸಿಟ್ಟಿನಲ್ಲೂ ಅವಳಿಗೆ ನಗು ಬಂತು.

"ಇದು ತಪ್ಪಿದೆ ಸಾರ್."

"ಯಾವುದು?" ಎಂದರು ವಕೀಲರು. ಕನ್ನಡಕ ಹಾಕಿದ, ತೆಳ್ಳನೆಯ ಮನುಷ್ಯ. ಬೆಳಗಿನಿಂದ ಮೊದಲ ಸಲ ಅವರ ಮುಖದಲ್ಲಿ ಆಸಕ್ತಿ ಕಂಡಿತು.

"ಅಕ್ಷರ ನಾವು ಓದೋ ಹಾಗೇ ಜೋಡ್ಸಿ ಬರ್ದಿದಾರೆ. ಹೀಗೆ ಜೋಡ್ಸಿದ್ರೆ ಪೆಟ್ಟಿಗೆ ಮೇಲೆ ತಿರುಗಾಮುರುಗಾ ಬೀಳುತ್ತೆ. ಗಿರಾಕಿ ಕನ್ನಡಿ ಹಿಡ್ಕೊಂಡು ಓದ್ಬೇಕು."

ವಕೀಲರು ಮಾಲೀಕರ ಕಡೆ ನೋಡಿದರು. "ಹೌದಾ?"

"ಅದೆಲ್ಲ ಸಣ್ಣಪುಟ್ಟದ್ದು," ಎಂದರು ಮಾಲೀಕರು.

ಸಣ್ಣಪುಟ್ಟದ್ದೇ. ಅದೇ ತಪ್ಪನ್ನು ಅವಳೂ ಮಾಡಿದ್ದಳು, ಎರಡು ವರ್ಷದ ಹಿಂದೆ. ಆಗ ಪೆಟ್ಟಿಗೆಗಳಿಗೆ ಗುರುತು ಹಾಕುತ್ತಿದ್ದದ್ದು ತಗಡಿನಲ್ಲಿ ಅಕ್ಷರ ಕೊರೆದು, ಮೇಲೆ ಬ್ರಷ್ಷಿನಿಂದ ಶಾಯಿ ಬಳಿದು. ಲಾಟ್ ನಂಬರು ಬದಲಾದಾಗಲೆಲ್ಲ ಹೊಸ ತಗಡು. ಶಾಯಿ ತಗಡಿನ ಅಡಿಗೆ ಹರಿದು ಮೂರು ಎಂಟಾಗುತ್ತಿತ್ತು. ಒಮ್ಮೆ ಹಾಗೆ ಒಂದು ಲಾರಿ ಪೆಟ್ಟಿಗೆ ವಾಪಸ್ ಬಂದಾಗ ಮಾಲೀಕರು ಗುರುತು ಹಾಕುವ ಆರೂ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ನಿಮ್ಮ ಕೈಗೇನು ಲಕ್ವ ಹೊಡೆದಿದೆಯಾ ಎಂದು ಕೇಳಿದ್ದರು. ಕೈ ಸರಿಯಿತ್ತು, ತಗಡು ಸರಿಯಿರಲಿಲ್ಲ. ಅದನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲವೆಂದು ಅವಳು ಮಾಡಿ ತೋರಿಸುವ ಹಠಕ್ಕೆ ಬಿದ್ದಳು.

ಒಂದು ಗೇಣು ಸುತ್ತಳತೆಯ ಪ್ಲಾಸ್ಟಿಕ್ ಪೈಪಿನ ತುಂಡು. ಅದರ ಮೈಮೇಲೆ ಉದ್ದಕ್ಕೆ ನಾಲ್ಕು ಅಲ್ಯೂಮಿನಿಯಂ ಪಟ್ಟಿ, ಕಿಟಕಿಯ ಪರದೆ ಜಾರಿಸಲು ಹಾಕುತ್ತಾರಲ್ಲ, ಅಂಥವು. ಬಣ್ಣ ಬಳಿಯುವ ರೋಲರಿನ ಹಿಡಿಕೆ. ಮೇಲೆ ಶಾಯಿ ಕುಡಿದ ಸ್ಪಂಜು. ಅಕ್ಷರಗಳಿಗೆ ಮಾತ್ರ ಏನೂ ಒಗ್ಗಲಿಲ್ಲ. ಮರ ಗಡಸಾಯಿತು, ಸೈಕಲ್ ಟ್ಯೂಬು ಮೆತ್ತಗಾಯಿತು. ಕೊನೆಗೆ ಒಗ್ಗಿದ್ದು ರಬ್ಬರ್ ಚಪ್ಪಲಿಯ ಅಟ್ಟೆ. ಅಕ್ಷರ ಕೊಯ್ದು, ಹಿಂದೆ ತಗಡಿನ ಬಿಲ್ಲೆ ಅಂಟಿಸಿ, ಪಟ್ಟಿಯೊಳಗೆ ಜಾರಿಸಿದರೆ ಕೂತುಕೊಳ್ಳುತ್ತಿತ್ತು. ಬೇಡವೆಂದಾಗ ಜಾರಿಸಿದರೆ ಹೊರಗೆ ಬರುತ್ತಿತ್ತು. ಒಮ್ಮೆ ಉರುಳಿಸಿದರೆ ನಾಲ್ಕು ಸಾಲೂ ಒಟ್ಟಿಗೆ ಬೀಳುತ್ತಿದ್ದವು. ಮೊದಲ ಸಲ ಎಲ್ಲವನ್ನೂ ನೇರಕ್ಕೆ ಕೊಯ್ದು, ಉಲ್ಟಾ ಮುದ್ರೆ ಬಿದ್ದು, ಒಂದು ಚಪ್ಪಲಿ ಪೂರ್ತಿ ದಂಡವಾಗಿತ್ತು. ಅದು ಮೈದುನನ ಚಪ್ಪಲಿ.

"ನೋಡಿಮ್ಮ," ಎಂದು ವಕೀಲರು ಗಂಟಲು ಸರಿಮಾಡಿಕೊಂಡರು, "ನಕ್ಷೆ ತಿದ್ದಿಸೋಣ. ನೀವು ಸಹಿ ಹಾಕಿದ್ರೆ ನನ್ನ ಕೆಲಸ ಮುಗೀತು."

"ಯಾರು ಮಾಡಿದ್ದು ಅಂತ ನೀವು ಕೇಳ್ಲೇ ಇಲ್ವಲ್ಲ ಸಾರ್."

"ಕಾರ್ಖಾನೆ ನಂದು," ಎಂದರು ಮಾಲೀಕರು. ಅವರ ದನಿ ಏರಿರಲಿಲ್ಲ. "ಇಲ್ಲಿ ಆಗಿದ್ದೆಲ್ಲ ನಂದೇ. ನೀನು ಏನೋ ಪೈಪು ಪಟ್ಟಿ ಜೋಡಿಸಿದೀಯ, ಇಲ್ಲ ಅನ್ನಲ್ಲ. ಇದನ್ನ ದೊಡ್ಡದಾಗಿ ಮಾಡಿಸಿ ನಾಲ್ಕು ಕಡೆ ಕಳಿಸಬೇಕು ಅಂದ್ರೆ ಒಂದು ಹೆಸರು ಬೇಕು. ನಿನ್ನ ಹೆಸರು ಹಾಕಿದ್ರೆ ಯಾರು ತಗೋತಾರೆ?"

"ಇಲ್ಲಿ ಆಗಿದ್ದಲ್ಲ ಸಾರ್. ಮನೇಲಿ ಆಗಿದ್ದು." ಅವಳು ಬಾಗಿಲ ಕಡೆ ತಿರುಗಿದಳು. "ನಿನ್ನ ಎಡಗಾಲಿನ ಚಪ್ಪಲಿ ಎಲ್ಲಿ ಹೋಯ್ತು ಅಂತ ಇವರಿಗೆ ಹೇಳಪ್ಪ."

ಮೈದುನ ಗೋಡೆಯ ಕ್ಯಾಲೆಂಡರನ್ನು ಓದುತ್ತಿದ್ದ. ಚಪ್ಪಲಿ ಕಾಣೆಯಾದ ಆ ಬೆಳಿಗ್ಗೆ ಮನೆಯನ್ನೆಲ್ಲ ಹುಡುಕಿ, ಬಚ್ಚಲಲ್ಲಿ ಅಟ್ಟೆಯಿಲ್ಲದ ಬಾರು ಸಿಕ್ಕಾಗ ಅವನು ಬೀದಿಗೆ ಕೇಳುವಂತೆ ಕೂಗಾಡಿದ್ದ. ಆಮೇಲೆ ಅವಳು ಒಂದು ಹಳೆ ಪೆಟ್ಟಿಗೆಯ ಮೇಲೆ ಅವನದೇ ಹೆಸರನ್ನು ಉರುಳಿಸಿ ತೋರಿಸಿದಾಗ ಬಾಯಿ ಬಿಟ್ಟುಕೊಂಡು ನಿಂತಿದ್ದವನೂ ಅವನೇ. ಈ ಕಾಗದ ಪೇಟೆಂಟ್ ಕಚೇರಿಗೆ ಹೋದರೆ ಹೊಸ ಶೆಡ್ಡಿಗೆ ಅವನೇ ಮ್ಯಾನೇಜರ್. ನಿನ್ನೆ ಊಟಕ್ಕೆ ಕೂತಾಗ ಅದನ್ನು ಹೇಳಿದ್ದ. ಯಾವ ಕಾಗದ ಎಂಬುದನ್ನು ಮಾತ್ರ ನುಂಗಿಕೊಂಡಿದ್ದ.

"ಅತ್ತಿಗೆ," ಎಂದ ಅವನು ಕೊನೆಗೆ, "ಸುಮ್ನೆ ಯಾಕೆ ಮಾತು ಬೆಳೆಸ್ತೀರಿ. ಒಂದು ಸಹಿ ತಾನೆ."

ಅವಳು ಬಹಳ ಹೊತ್ತು ಅವನನ್ನೇ ನೋಡಿದಳು. ಅಳು ಬಂದೀತೆಂದು ಹೆದರಿದಳು, ಬರಲಿಲ್ಲ.

"ಸರಿ," ಎಂದಳು. "ಸಹಿ ತಾನೆ. ಹಾಕ್ತೀನಿ, ಸ್ವಲ್ಪ ಹೊತ್ತು ಕೊಡಿ." ಟವೆಲಿನ ಮೇಲಿದ್ದ ಯಂತ್ರವನ್ನು ಹಿಡಿಕೆ ಹಿಡಿದು ಎತ್ತಿಕೊಂಡಳು.

"ಅದನ್ನ ಯಾಕೆ ತಗೊಂಡು ಹೋಗ್ತೀಯ?"

"ಇದಿಲ್ದೆ ನಂಗೆ ಸಹಿ ಬರಲ್ಲ ಸಾರ್."

ಶೆಡ್ಡಿನಲ್ಲಿ ನಾನೂರು ಪೆಟ್ಟಿಗೆಗಳು ಗುರುತಿಲ್ಲದೆ ಮಾಡಿನವರೆಗೆ ಎದ್ದು ನಿಂತಿದ್ದವು. ಹೆಂಗಸರು ಬೆಳಗಿನಿಂದ ಕೈಕಟ್ಟಿ ಕೂತಿದ್ದರು. ಯಂತ್ರ ಆಫೀಸಿಗೆ ಹೋದರೆ ಅವರಿಗೇನು ಕೆಲಸ. ಪೆಟ್ಟಿಗೆಗಳ ಅಂಚಿಗೆ ಗೋಂದು ಹಚ್ಚುವವಳನ್ನು ಎಲ್ಲರೂ ಗೋಂದಿನಕ್ಕ ಎನ್ನುತ್ತಿದ್ದರು. ಗೋಂದಿನಕ್ಕ ಇವಳನ್ನು ಇಂಜಿನಿಯರಮ್ಮ ಎನ್ನುತ್ತಿದ್ದಳು. ಶುರುವಾದದ್ದು ಗೇಲಿಗೆ, ಈಗ ಅದೇ ರೂಢಿಯಾಗಿತ್ತು.

"ಏನಂತೆ ಇಂಜಿನಿಯರಮ್ಮ? ಹಾರ ಹಾಕಿದ್ರಾ?"

"ನಾನು ಮಾಡಿದ್ದಲ್ಲ ಅಂತ ನನ್ನ ಕೈಲೇ ಬರೆಸ್ಕೋತಾರಂತೆ." ಅವಳು ತನ್ನ ಮೇಜಿಗೆ ಕೂತು, ಪಟ್ಟಿಗಳಲ್ಲಿದ್ದ ಅಕ್ಷರಗಳನ್ನೆಲ್ಲ ಜಾರಿಸಿ ತೆಗೆದು ಖಾಲಿ ಮಾಡಿದಳು. ಡಬ್ಬದಿಂದ ಒಂದು ಅಕ್ಷರ ಹುಡುಕಿ ಪಟ್ಟಿಗೆ ಹಾಕಿದಳು. ಇನ್ನೊಂದು ಹಾಕಿದಳು. ಅವಳ ಹೆಸರಿಗೆ ನಾಲ್ಕು ಅಕ್ಷರ. ಮೂರನೆಯದಕ್ಕೆ ಡಬ್ಬವನ್ನೆಲ್ಲ ತಡಕಾಡಿದಳು, ಮೇಜಿನ ಮೇಲೆ ಸುರುವಿ ನೋಡಿದಳು. ಇರಲಿಲ್ಲ. ಎರಡು ವರ್ಷದಲ್ಲಿ ಯಾವ ಗಿರಾಕಿಯ ಹೆಸರಿನಲ್ಲೂ, ಯಾವ ಸರಕಿನ ಹೆಸರಿನಲ್ಲೂ ಆ ಅಕ್ಷರ ಬಂದಿರಲಿಲ್ಲ. ಬೇಕಾಗದ್ದನ್ನು ಅವಳು ಕೊಯ್ದಿರಲಿಲ್ಲ. ಇಷ್ಟು ದಿನ ಊರಿನವರ ಹೆಸರನ್ನೆಲ್ಲ ಉರುಳಿಸಿದವಳಿಗೆ ತನ್ನದೊಂದನ್ನು ಜೋಡಿಸಿ ನೋಡಬೇಕು ಅನ್ನಿಸಿರಲಿಲ್ಲ ಎಂಬುದು ಅವಳಿಗೆ ಆಗಲೇ ಹೊಳೆದದ್ದು. ತನ್ನ ಮೇಲೆ ತನಗೇ ಸಿಟ್ಟು ಬಂತು.

ಬಲಗಾಲಿನ ಚಪ್ಪಲಿ ಕಳಚಿ ಮೇಜಿನ ಮೇಲಿಟ್ಟಳು.

"ಏಯ್, ಊಟದ ಡಬ್ಬಿ ಇದೆ ಕಣೇ ಅಲ್ಲಿ," ಎಂದಳು ಗೋಂದಿನಕ್ಕ.

"ಡಬ್ಬಿ ಆಚೆ ಇಡು."

ಹಿಮ್ಮಡಿಯ ಭಾಗದಲ್ಲಿ ಒಂದು ಚೌಕ ಕೊಯ್ದು ತೆಗೆದಳು. ಚಾಕುವಿನ ತುದಿಯಿಂದ ಅಕ್ಷರವನ್ನು ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡ ಹಾಗೆ, ಗೀರಿದಳು. ಹೆಂಗಸರು ಸುತ್ತ ಬಂದು ನಿಂತರು. ಬೆಳಕಿಗೆ ಅಡ್ಡ ಬಂದವಳೊಬ್ಬಳನ್ನು ಗೋಂದಿನಕ್ಕ ತೋಳು ಹಿಡಿದು ಪಕ್ಕಕ್ಕೆ ಎಳೆದಳು. ತಗಡಿನ ಬಿಲ್ಲೆಗೆ ಗೋಂದು ಹಚ್ಚಿ, ಒಣಗಲೆಂದು ಅಂಗೈಯಲ್ಲಿ ಅದುಮಿ ಹಿಡಿದು ಕೂತಿದ್ದಾಗ ಮೈದುನ ಬಂದ.

"ಅವರು ಕಾಯ್ತಿದಾರೆ ಅತ್ತಿಗೆ."

"ಕಾಯ್ಲಿ. ಗೋಂದು ಒಣಗಬೇಕು."

ಅವನು ಮೇಜಿನ ಮೇಲಿದ್ದ ಚಪ್ಪಲಿ ನೋಡಿದ, ಪಟ್ಟಿಯಲ್ಲಿದ್ದ ಎರಡು ಅಕ್ಷರ ನೋಡಿದ. ಮನೆಯಲ್ಲಿ ಅಕ್ಷರ ಉಲ್ಟಾ ಓದಲು ಅವಳನ್ನು ಬಿಟ್ಟರೆ ಬರುತ್ತಿದ್ದದ್ದು ಅವನಿಗೊಬ್ಬನಿಗೇ.

"ಕೆಲಸ ಹೋಗುತ್ತೆ," ಎಂದ ತಗ್ಗಿದ ದನಿಯಲ್ಲಿ. "ನಿಮ್ದಷ್ಟೇ ಅಲ್ಲ, ನಂದೂ ಹೋಗುತ್ತೆ. ಆಮೇಲೆ ಮನೇಲಿ ಏನು ಮಾಡೋಣ?"

"ಹೋದ್ರೆ ಹೋಗ್ಲಿ. ಕೆಲಸ ಕೊಡಿಸಿದ್ದು ನೀನು ಅಂತ ಹತ್ತು ವರ್ಷ ಕೇಳಿದೀನಿ, ಇನ್ನು ಹತ್ತು ವರ್ಷ ಕೇಳೋಕೂ ತಯಾರಿದ್ದೆ. ಇದನ್ನ ನಾನು ಮಾಡಿಲ್ಲ ಅಂತ ಮಾತ್ರ ನನ್ನ ಬಾಯಲ್ಲಿ ಹೇಳಿಸ್ಬೇಡ. ಅದು ನನ್ನಿಂದ ಆಗಲ್ಲ ಕಣಪ್ಪ."

ಮೂರನೆಯ ಅಕ್ಷರ ಪಟ್ಟಿಯೊಳಗೆ ಸ್ವಲ್ಪ ಬಿಗಿಯಾಗಿ, ಕಿರ್ರೆಂದು ಜಾರಿ ಕೂತಿತು. ನಾಲ್ಕನೆಯದನ್ನು ಹಾಕಿ, ಕೊನೆಗೆ ಬೆಣೆ ಸಿಕ್ಕಿಸಿ, ಸ್ಪಂಜಿಗೆ ಶಾಯಿ ಕುಡಿಸಿದಳು. ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು. ಹಾಗೇ ಆಫೀಸಿಗೆ ನಡೆದಳು.

ವಕೀಲರು ಪೆನ್ನು ಮುಂದೆ ಚಾಚಿದರು. ಅವಳು ತೆಗೆದುಕೊಳ್ಳಲಿಲ್ಲ. ಹಾಳೆಯ ತಲೆಯ ಹತ್ತಿರ ಯಂತ್ರವನ್ನು ಊರಿ, ಪೆಟ್ಟಿಗೆಯ ಮೇಲೆ ದಿನಕ್ಕೆ ನಾನೂರು ಸಲ ಉರುಳಿಸುವ ಅದೇ ಹದದಲ್ಲಿ ಕೆಳಕ್ಕೆ ಉರುಳಿಸಿದಳು. ನಾಲ್ಕು ಸಾಲುಗಳ ಮೇಲೆ ಅಡ್ಡಲಾಗಿ, ಮಾಲೀಕರ ಹೆಸರನ್ನು ಮುಚ್ಚಿ, ಅವಳ ಹೆಸರು ದಪ್ಪಗೆ ಕಪ್ಪಗೆ ಬಿತ್ತು. ಅವಳು ನಿಲ್ಲಿಸಲಿಲ್ಲ. ಹಾಳೆ ದಾಟಿ ನಕ್ಷೆಯ ಮೇಲೆ ಹೋದಳು. ಒಂದು ಗೇಣಿಗೆ ಒಂದರಂತೆ, ಬಾಣಗಳ ಮೇಲೆ, ನಂಬರುಗಳ ಮೇಲೆ, ಎರಡು ಸಲ ಬಿತ್ತು. ಕೊನೆಯದು ಮೇಜಿನ ಗಾಜಿನ ಮೇಲೆ ಬಿತ್ತು, ಮಾಲೀಕರ ಮೊಣಕೈಗೆ ಎರಡು ಬೆರಳು ಈಚೆ. ಅವರು ಕೈ ಹಿಂದೆಳೆದುಕೊಂಡರು.

"ಹಾಕಿದೀನಿ ಸಾರ್," ಎಂದಳು. "ನನ್ನ ಕೈ ಅಕ್ಷರ ಇದೇ."

ವಕೀಲರು ಕನ್ನಡಕ ತೆಗೆದು, ಹಾಳೆಯ ಹತ್ತಿರ ಮುಖ ತಂದು, ಹಸಿ ಅಕ್ಷರಗಳನ್ನು ನೋಡಿದರು.

"ಇನ್ನೊಂದು ಹಾಳೆ ತೆಗೀರಿ," ಎಂದರು ಮಾಲೀಕರು. ಕೆನ್ನೆ ಅದುರುತ್ತಿತ್ತು. "ನಾಳೆಯಿಂದ ಇವಳು ಗೇಟು ದಾಟಬಾರದು."

"ಹಾಳೆ ತೆಗೀಬಹುದು," ಎಂದರು ವಕೀಲರು. "ಸಾಕ್ಷಿ ಯಾರು?"

ಮಾಲೀಕರು ಮೇಸ್ತ್ರಿಯ ಕಡೆ ನೋಡಿದರು. ವಕೀಲರೂ ನೋಡಿದರು. ಅವಳು ಮಾತ್ರ ನೋಡಲಿಲ್ಲ; ಬೆಣೆ ಕಿತ್ತು, ಅಕ್ಷರಗಳನ್ನು ಒಂದೊಂದಾಗಿ ಜಾರಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಳ್ಳುತ್ತಿದ್ದಳು.

"ಲಾರಿ ಬಂದಿರ್ಬೇಕು ಸಾರ್," ಎಂದ ಮೈದುನ. "ನೋಡ್ಕೊಂಡು ಬರ್ತೀನಿ." ಯಾವ ಲಾರಿಯೂ ಬಂದಿರಲಿಲ್ಲ. ಅವನು ಅವಳಿಗಿಂತ ಮೊದಲೇ ಬಾಗಿಲು ದಾಟಿ, ಶೆಡ್ಡಿನ ಕಡೆಗೂ ಹೋಗದೆ, ಅಂಗಳದಲ್ಲಿ ಬಿಸಿಲಿಗೆ ನಿಂತುಕೊಂಡ.

ಬೋಳಾದ ಯಂತ್ರವನ್ನು ಅವಳು ಟವೆಲಿನ ಮೇಲೆ ಇಟ್ಟಳು. "ಇದು ಇಲ್ಲೇ ಇರ್ಲಿ. ಅಕ್ಷರ ನನ್ನವು."

ಶೆಡ್ಡಿಗೆ ಬಂದಾಗ ಹೆಂಗಸರು ಎದ್ದು ನಿಂತರು. ಅವಳ ಬೆರಳೆಲ್ಲ ಮಸಿ. ಡಬ್ಬದ ಅಕ್ಷರಗಳನ್ನು, ಚಾಕುವನ್ನು ಚೀಲಕ್ಕೆ ಹಾಕಿಕೊಳ್ಳತೊಡಗಿದಳು.

"ನಾಳೆ?" ಎಂದಳು ಗೋಂದಿನಕ್ಕ.

"ಬರಬಾರದಂತೆ."

ಗೋಂದಿನಕ್ಕ ನಾನೂರು ಪೆಟ್ಟಿಗೆಗಳನ್ನು ಒಮ್ಮೆ ನೋಡಿದಳು. ಗೋಂದಿನ ಬ್ರಷ್ಷನ್ನು ಡಬ್ಬಕ್ಕೆ ಇಳಿಬಿಟ್ಟಳು. ಬಗ್ಗಿ ತನ್ನ ಚಪ್ಪಲಿ ಕಳಚಿ, ಕಂಬಕ್ಕೆ ಎರಡು ಸಲ ಬಡಿದು ಮಣ್ಣು ಉದುರಿಸಿ, ಅವಳ ಮುಂದೆ ಮೇಜಿನ ಮೇಲೆ ಇಟ್ಟಳು.

"ನನ್ನ ಹೆಸರಿಗೆ ಐದು ಅಕ್ಷರ," ಎಂದಳು. "ಆಗುತ್ತಾ ಇದರಲ್ಲಿ?"

ಅವಳು ಚಪ್ಪಲಿಯನ್ನು ಎತ್ತಿ ಬೆಳಕಿಗೆ ಹಿಡಿದು, ಅಟ್ಟೆಯ ಉದ್ದಕ್ಕೂ ಹೆಬ್ಬೆರಳಿನಿಂದ ಒತ್ತುತ್ತ ಹೋದಳು. ಹಿಮ್ಮಡಿ ಒಂದು ಮಗ್ಗುಲು ಪೂರ್ತಿ ಸವೆದಿತ್ತು. ಬೆರಳುಗಳ ಕಡೆ ಇನ್ನೂ ದಪ್ಪವಿತ್ತು. ಚೀಲಕ್ಕೆ ಹಾಕಿದ್ದ ಚಾಕುವನ್ನು ಮತ್ತೆ ಹೊರಗೆ ತೆಗೆದಳು.