ಹನ್ನೆರಡು ನಿಮಿಷ

ಹಾಸನದ ಎಂಜಿನಿಯರಿಂಗ್ ಕಾಲೇಜಿನ ನೆಲಮಾಳಿಗೆಯಲ್ಲಿ ಉದ್ದನೆಯ ಕಬ್ಬಿಣದ ತೋಳೊಂದು ಗಿರ್ರನೆ ಸುತ್ತುತ್ತಿತ್ತು. ಅದರ ತುದಿಯ ತೊಟ್ಟಿಯಲ್ಲಿ ಧರಣೇಂದ್ರಯ್ಯನವರ ಊರಿನ ಕೆರೆ ಏರಿ, ಅದೇ ಮಣ್ಣಿನಲ್ಲಿ, ಗೇಣಿಗೂ ಕಡಿಮೆ ಎತ್ತರದಲ್ಲಿ ಕುಳಿತಿತ್ತು. ನಿಜವಾದ ಏರಿ ಒಡೆದು, ಕೆಳಗಿನ ತೋಟದಲ್ಲಿದ್ದ ಅವರ ಹೆಂಡತಿ ಮರುದೇವಿಯನ್ನು ಕೊಚ್ಚಿಕೊಂಡು ಹೋಗಿ ಮೂರು ತಿಂಗಳಾಗಿತ್ತು. ಏರಿ ಹೇಗೆ ಒಡೆಯಿತೆಂದು ತಿಳಿಯುವ ಈ ಪರೀಕ್ಷೆಯ ವರದಿಗೆ ಊರಿನ ಪರವಾಗಿ ಸಾಕ್ಷಿ ಸಹಿ ಹಾಕಲು ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಬಂದಿದ್ದರು.

ಯಂತ್ರ ನಡೆಸುವ ರೂಪಶ್ರೀ ಮೊದಲೇ ತಿಳಿಸಿದ್ದಳು. ಐವತ್ತು ಪಟ್ಟು ಚಿಕ್ಕದು ಮಾಡಿದ ಏರಿಗೆ ದೊಡ್ಡ ಏರಿಯ ಭಾರ ತಾನಾಗಿ ಬರುವುದಿಲ್ಲ. ಮಣ್ಣಿನ ಕಣಕಣವೂ ಐವತ್ತು ಪಟ್ಟು ತೂಗುವಷ್ಟು ಜೋರಾಗಿ ಸುತ್ತಬೇಕು. ಆಗ ನೀರು ಜಿನುಗುವುದು ಐವತ್ತನ್ನು ಐವತ್ತರಿಂದ ಗುಣಿಸಿದಷ್ಟು, ಎಂದರೆ ಎರಡೂವರೆ ಸಾವಿರ ಪಟ್ಟು ಬೇಗ ನಡೆದುಹೋಗುತ್ತದೆ.

ಪರದೆಯ ಮೇಲೆ ಏರಿಯ ಬುಡ ಕಪ್ಪಗೆ ತೇವವಾಯಿತು. ತೇವ ಹರಡಿತು. ಮಣ್ಣು ಜಾರಿ ಏರಿ ಬಾಯಿ ಬಿಟ್ಟಿತು.

ಏರಿಯ ಉಸ್ತುವಾರಿಯ ಎಂಜಿನಿಯರ್ ಷಡಕ್ಷರಿ ಗಡಿಯಾರ ನೋಡಿ ಬರೆದ: ‘ತೇವ ಕಂಡ ಹನ್ನೆರಡು ನಿಮಿಷಕ್ಕೆ ಒಡೆದಿದೆ. ಮುನ್ನೆಚ್ಚರಿಕೆಗೆ ಅವಕಾಶವಿರಲಿಲ್ಲ.’

“ಸಹಿ ಆಕಿ ಅಯ್ನೋರೆ. ಅನ್ನೆರಡು ನಿಮಿಷದಾಗೆ ಯಾರೇನು ಮಾಡಕ್ಕಾಯ್ತದೆ?” ಎಂದು ಹಾಳೆ ಮುಂದಿಟ್ಟ.

ಧರಣೇಂದ್ರಯ್ಯನವರು ಹಾಳೆಯನ್ನು ಹಿಂದಕ್ಕೆ ತಳ್ಳಿದರು. ಬಸದಿಗೆ ಹೋಗುವಾಗ ಬುಡದ ತೇವವನ್ನು ಮೊದಲು ಕಂಡವಳು ಮರುದೇವಿ. ಅವಳ ಮಾತು ಕೇಳಿ ಇವರು ಅರ್ಜಿ ಬರೆದುಕೊಟ್ಟಾಗ ಇದೇ ಷಡಕ್ಷರಿ ಜೀಪಿನಿಂದ ಇಳಿಯದೆ, “ಏರಿಗೂ ಸೆಕೆ ಆಯ್ತದೆ, ಬೆವರ್ತದೆ ಬಿಡಿ” ಎಂದು ನಕ್ಕಿದ್ದ.

“ಈ ನಿಮಿಷ ಮಿಸನ್ ಲೆಕ್ಕದ್ದೋ, ನಮ್ಮೂರ ಲೆಕ್ಕದ್ದೋ?”

ಷಡಕ್ಷರಿ ಪೆನ್ನಿನ ಮುಚ್ಚಳ ತಿರುವಿದ.

“ಗುಣಿಸಪ್ಪಾ. ನಾನು ಏಳನೇ ಕ್ಲಾಸು, ನೀನು ಕಾಲೇಜು ಓದ್ದೋನು. ಎರಡೂವರೆ ಸಾವಿರದಿಂದ ಗುಣಿಸು.”

“ಮೂವತ್ತು ಸಾವಿರ ನಿಮಿಷ,” ಎಂದಳು ರೂಪಶ್ರೀ, ಪರದೆಯಿಂದ ಕಣ್ಣು ತೆಗೆಯದೆ. “ಹತ್ತಿರ ಹತ್ತಿರ ಇಪ್ಪತ್ತೊಂದು ದಿನ.”

“ಅರ್ಜಿ ಕೊಟ್ಟ ಅತ್ತೊಂಬತ್ತನೇ ದಿನ ಅವಳು ಹೋದ್ಲು ಕಣಯ್ಯಾ.”

“ಕಣ್ತಪ್ಪಾಯ್ತು. ಕ್ಷಮೆ ದೊಡ್ಡದು ಅನ್ನೋ ಧರ್ಮದೋರು ತಾವು…”

ಪ್ರತಿ ವರ್ಷ ದಶಲಕ್ಷಣ ಪರ್ವ ಮುಗಿದ ಮೇಲೆ ಧರಣೇಂದ್ರಯ್ಯನವರು ಮನೆಮನೆಗೂ ಹೋಗಿ ಕೈಮುಗಿದು ಕ್ಷಮೆ ಕೇಳುತ್ತಿದ್ದರು, ಕೊಡುತ್ತಿದ್ದರು. ಈ ವರ್ಷ ಬಾಗಿಲು ಹಾಕಿಕೊಂಡು ಒಳಗೇ ಕುಳಿತಿದ್ದರು.

“ಅದಕ್ಕೆ ಜಿನಸ್ವಾಮಿಗೆ ನಾನು ಉತ್ತರ ಕೊಟ್ಕೋತೀನಿ. ನೀನು ಇಪ್ಪತ್ತೊಂದು ದಿನ ಅಂತ ಬರಿ. ಅರ್ಜಿ ತಾರೀಖು ಬರಿ. ತೇವ ಕಂಡೋಳು ಮರುದೇವಿ ಅಂತ ಬರಿ. ಇಲ್ದಿದ್ರೆ ನನ್ನ ಸಹಿ ಇಲ್ಲ.”

ಷಡಕ್ಷರಿ ಮೊದಲಿನ ಸಾಲು ಹೊಡೆದುಹಾಕಿ ಬರೆದ. ಧರಣೇಂದ್ರಯ್ಯನವರು ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದಿ ಸಹಿ ಹಾಕಿದರು. ಷಡಕ್ಷರಿ ಎದ್ದು ನಿಂತು ಕೈಮುಗಿದ.

ಅವರು ಆ ಕೈಗಳ ಕಡೆ ನೋಡದೆ ಮೆಟ್ಟಿಲು ಹತ್ತಿದರು.